ನಡೆದರೆ ದಮ್ಮು ಕಟ್ಟುವುದು ಯಾಕೆ? ಸಿಒಪಿಡಿ ಇರುವವರ ಉಸಿರಾಟ ಮತ್ತು ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಒಪಿಡಿ ಅಂದರೆ ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶ ಸಡಿಲವಾಗಿ, ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ. ಇದಿರುವವರೂ ಅವರ ಮನೆಯವರೂ ಫಿಸಿಯೋಥೆರಪಿಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಯಾವ ಔಷಧಿ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಎದೆಯೊಳಗೆ ಏನಾಗುತ್ತಿದೆ, ಅದಕ್ಕೆ ತಕ್ಕ ಹಾಗೆ ಹೇಗೆ ನಡೆಯಬೇಕು, ಹತ್ತಬೇಕು, ಕೆಲಸ ಮಾಡಬೇಕು ಅನ್ನುವುದಷ್ಟೇ ಇಲ್ಲಿದೆ.

ಕೂತಾಗ ಏನೂ ಇಲ್ಲ. ನಡೆದರೆ ಮಾತ್ರ ಯಾಕೆ ಹೀಗೆ?

ಸ್ವಲ್ಪ ಲೆಕ್ಕ ಹಾಕೋಣ. ಕೂತಿದ್ದಾಗ ನಿಮಿಷಕ್ಕೆ 15 ಸಲ ಉಸಿರಾಡುತ್ತೀರಿ ಅಂದುಕೊಳ್ಳಿ. ಒಂದು ಉಸಿರಿಗೆ 4 ಸೆಕೆಂಡು. ಎಳೆದುಕೊಳ್ಳಲು ಒಂದೂಕಾಲು ಸೆಕೆಂಡು ಹೋದರೂ ಬಿಡಲು ಎರಡೂಮುಕ್ಕಾಲು ಸೆಕೆಂಡು ಉಳಿಯುತ್ತದೆ. ಈಗ ಎದ್ದು ನಡೆದಿರಿ, ಉಸಿರು ನಿಮಿಷಕ್ಕೆ 30 ಆಯಿತು. ಒಂದು ಉಸಿರಿಗೆ ಇರುವುದೇ 2 ಸೆಕೆಂಡು. ಬಿಡಲು ಸಿಗುವುದು ಹೆಚ್ಚೆಂದರೆ ಒಂದೂಕಾಲು ಸೆಕೆಂಡು.

ಆರೋಗ್ಯವಾದ ಶ್ವಾಸಕೋಶಕ್ಕೆ ಅಷ್ಟು ಸಮಯ ಧಾರಾಳವಾಗಿ ಸಾಕು. ಅದಕ್ಕೆ ತಾನಾಗಿಯೇ ಕುಗ್ಗುವ ಬಲ ಇರುತ್ತದೆ, ನಾಳಗಳೂ ಅಗಲವಾಗಿರುತ್ತವೆ. ಸಿಒಪಿಡಿಯಲ್ಲಿ ಎರಡೂ ಕೆಟ್ಟಿರುತ್ತವೆ. ಗಾಳಿಚೀಲಗಳ ಗೋಡೆ ಹಾಳಾಗಿ ಕುಗ್ಗುವ ಬಲ ಕಡಿಮೆಯಾಗಿರುತ್ತದೆ. ಸಣ್ಣ ನಾಳಗಳು ಊತದಿಂದ, ಕಫದಿಂದ ಕಿರಿದಾಗಿರುತ್ತವೆ. ಉಸಿರನ್ನು ಜೋರಾಗಿ ಬಿಡಲು ಹೋದರೆ ಆ ಒತ್ತಡಕ್ಕೆ ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಹಳೆ ಗಾಳಿ ಪೂರ್ತಿ ಹೊರಗೆ ಬರುವ ಮೊದಲೇ ಮುಂದಿನ ಉಸಿರು ಎಳೆದುಕೊಳ್ಳುವ ಹೊತ್ತಾಗಿಬಿಡುತ್ತದೆ. ಸಂತೆ ದಿನದ ಬಸ್ಸಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದರೆ ಏನಾಗುತ್ತದೆ? ಎದೆಯೊಳಗೂ ಅದೇ ಆಗುತ್ತದೆ. ಒಂದೊಂದು ಉಸಿರಿಗೂ ಸ್ವಲ್ಪ ಸ್ವಲ್ಪ ಗಾಳಿ ಒಳಗೇ ಉಳಿದು ಎದೆ ಉಬ್ಬುತ್ತಾ ಹೋಗುತ್ತದೆ.

ನಿಂತು ಒಂದೆರಡು ನಿಮಿಷ ಸುಧಾರಿಸಿಕೊಂಡರೆ ಉಸಿರು ನಿಧಾನವಾಗಿ, ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಅದಕ್ಕೇ ನಿಂತ ಮೇಲೆ ಆರಾಮ ಅನ್ನಿಸುವುದು.

ನನಗೆ ಉಸಿರು ಒಳಗೆ ಹೋಗ್ತಾನೇ ಇಲ್ಲ ಅನ್ನಿಸುತ್ತೆ. ನೀವು ನೋಡಿದರೆ ಹೊರಗೆ ಬರುತ್ತಿಲ್ಲ ಅಂತೀರಲ್ಲ?

ಎರಡೂ ನಿಜ. ಹೊರಗೆ ಹೋಗದೆ ಉಳಿದ ಗಾಳಿಯೇ ಒಳಗಿನ ಜಾಗ ತಿಂದುಬಿಟ್ಟಿದೆ. ಹೊಸ ಉಸಿರಿಗೆ ಜಾಗವೇ ಇಲ್ಲ.

ಆರೋಗ್ಯವಂತರು ಓಡುವಾಗ ಎರಡು ಕಡೆಯಿಂದಲೂ ಜಾಗ ಮಾಡಿಕೊಳ್ಳುತ್ತಾರೆ. ಹೊಟ್ಟೆಯ ಸ್ನಾಯು ಒತ್ತಿ ಮಾಮೂಲಿಗಿಂತ ಜಾಸ್ತಿ ಗಾಳಿ ಹೊರಗೆ ಹಾಕುತ್ತಾರೆ, ಮಾಮೂಲಿಗಿಂತ ಜಾಸ್ತಿ ಒಳಗೂ ಎಳೆದುಕೊಳ್ಳುತ್ತಾರೆ. ಕೂತಾಗ ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ ಆಡುತ್ತಿದ್ದರೆ, ಓಡುವಾಗ ಎರಡು ಲೀಟರ್ ದಾಟುತ್ತದೆ. ಸಿಒಪಿಡಿ ಇರುವವರಿಗೆ ಗಾಳಿ ಹೊರಗೆ ಹಾಕಿ ಮಾಡಿಕೊಳ್ಳುವ ಜಾಗ ಸಿಗುವುದಿಲ್ಲ, ಅಲ್ಲಿ ಹಳೆ ಗಾಳಿ ಕೂತಿದೆ. ಜಾಸ್ತಿ ಎಳೆದುಕೊಳ್ಳಲು ಇರುವ ಜಾಗವೂ ಬೇಗ ಮುಗಿಯುತ್ತದೆ. ಎದೆ ಪೂರ್ತಿ ತುಂಬಲು ಇನ್ನು ಸುಮಾರು ಅರ್ಧ ಲೀಟರ್ ಜಾಗ ಅಷ್ಟೇ ಉಳಿದಾಗ, ಅಲ್ಲಿಯವರೆಗೆ ನಿಧಾನವಾಗಿ ಏರುತ್ತಿದ್ದ ದಮ್ಮು ಒಮ್ಮೆಲೇ ಮೇಲೆ ಹೋಗುತ್ತದೆ. "ಇಷ್ಟು ದೂರ ಚೆನ್ನಾಗಿಯೇ ನಡೆದೆ, ಇದ್ದಕ್ಕಿದ್ದ ಹಾಗೆ ಹಿಡಿದುಕೊಂಡಿತು" ಅಂತ ತುಂಬಾ ಜನ ಹೇಳುವುದು ಇದನ್ನೇ. ಮಿದುಳು ಜೋರಾಗಿ ಎಳೆ ಅನ್ನುತ್ತಿರುತ್ತದೆ, ಎದೆ ಅಲುಗಾಡುವುದಿಲ್ಲ. ಆಗ ಆಗುವ ಗಾಬರಿ ಮನಸ್ಸಿನ ದೌರ್ಬಲ್ಯ ಅಲ್ಲ.

ಇನ್ನೊಂದು ವಿಷಯ ವಪೆಯದು. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಇರಬೇಕಾದ ಈ ಸ್ನಾಯು, ಮೇಲೆ ಉಬ್ಬಿದ ಶ್ವಾಸಕೋಶದ ಭಾರಕ್ಕೆ ಚಪ್ಪಟೆಯಾಗಿರುತ್ತದೆ. ಚಪ್ಪಟೆಯಾದ ಸ್ನಾಯು ಕೆಳಗೆ ಇಳಿಯಲಾರದು. ಕಾಯಿಲೆ ಜಾಸ್ತಿ ಇರುವವರ ಅಂಗಿ ಬಿಚ್ಚಿಸಿ ಬದಿಯಿಂದ ನೋಡಿ: ಉಸಿರು ಎಳೆದುಕೊಂಡಾಗ ಕೆಳಗಿನ ಪಕ್ಕೆಲುಬು ಹೊರಗೆ ಬರುವ ಬದಲು ಒಳಕ್ಕೆ ಸೆಳೆದುಕೊಳ್ಳುತ್ತದೆ. ಕತ್ತಿನ ಸ್ನಾಯುಗಳು ಹಗ್ಗ ಎಳೆದ ಹಾಗೆ ಎದ್ದು ಕಾಣುತ್ತವೆ. ವಪೆ ಬಿಟ್ಟ ಕೆಲಸವನ್ನು ಅವು ಮಾಡುತ್ತಿವೆ.

ಈ ಎಲ್ಲ ಒದ್ದಾಟಕ್ಕೆ ಶಕ್ತಿ ಬೇಕು. ಆರಾಮವಾಗಿ ಕೂತ ಆರೋಗ್ಯವಂತರಿಗೆ ಉಸಿರಾಟದ ಕೆಲಸಕ್ಕೆ ದೇಹ ಬಳಸುವ ಆಕ್ಸಿಜನ್‌ನಲ್ಲಿ ನೂರಕ್ಕೆ ಒಂದೆರಡು ಪಾಲು ಸಾಕು. ಸಿಒಪಿಡಿ ಜೋರಾಗಿರುವವರು ಶ್ರಮ ಪಡುವಾಗ ಇದು ಮೂರನೇ ಒಂದು ಪಾಲಿನವರೆಗೂ ಹೋಗಬಹುದು.

ಊದುವ ಟೆಸ್ಟಿನಲ್ಲಿ ನನಗೂ ಇನ್ನೊಬ್ಬ ಪೇಷಂಟಿಗೂ ಹೆಚ್ಚುಕಮ್ಮಿ ಒಂದೇ ನಂಬರ್ ಬಂತು. ಅವರು ಮಾರ್ಕೆಟ್ಟಿಗೆ ಹೋಗಿ ಬರ್ತಾರೆ, ನನಗೆ ಬಾಗಿಲು ದಾಟೋದೂ ಕಷ್ಟ. ಯಾಕೆ?

ಊದುವ ಟೆಸ್ಟ್ (ಸ್ಪೈರೋಮೆಟ್ರಿ) ಕೂತಲ್ಲೇ ಮಾಡುವಂಥದ್ದು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅಂತ ಅದು ಹೇಳುತ್ತದೆ. ನಡೆಯುವಾಗ ಎಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ, ಕಾಲಿನಲ್ಲಿ ಎಷ್ಟು ಬಲ ಇದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ರಿಪೋರ್ಟಿನ ಒಂದೇ ನಂಬರ್ ನೋಡಿ ಧೈರ್ಯ ಕಳೆದುಕೊಳ್ಳಬೇಡಿ.

ಅಮ್ಮ ಬೀಡಿ, ಸಿಗರೇಟು ಮುಟ್ಟಿದವರೇ ಅಲ್ಲ. ಅವರಿಗೆ ಹೇಗೆ ಬಂತು?

ಒಲೆಯ ಹೊಗೆ. ಸೌದೆ, ಬೆರಣಿ, ತೆಂಗಿನ ಗರಿ ಉರಿಸಿ ಮೂವತ್ತು ನಲವತ್ತು ವರ್ಷ ಅಡುಗೆ ಮಾಡಿದವರ ಶ್ವಾಸಕೋಶಕ್ಕೂ ಇದೇ ಹಾನಿ ಆಗುತ್ತದೆ. ಹಿಂದೆ ಟಿಬಿ ಆಗಿ ವಾಸಿಯಾದವರಲ್ಲೂ ಕೆಲವರಿಗೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಜನರಿಗೆ ಸಿಒಪಿಡಿ ಇತ್ತು, 2016ಕ್ಕೆ ಅದು 5.5 ಕೋಟಿ ದಾಟಿತ್ತು ಅನ್ನುವುದು ರಾಜ್ಯವಾರು ಕಾಯಿಲೆಗಳ ದೊಡ್ಡ ಅಧ್ಯಯನದ ಅಂದಾಜು. ಹೆಂಗಸರಿಗೆ ದಮ್ಮು ಬಂದರೆ "ವಯಸ್ಸಾಯಿತು, ರಕ್ತ ಕಮ್ಮಿ" ಅಂತ ತಳ್ಳಿಹಾಕುವುದು ಈಗಲೂ ನಡೆಯುತ್ತಿದೆ. ದಯವಿಟ್ಟು ಒಮ್ಮೆ ಊದುವ ಟೆಸ್ಟ್ ಮಾಡಿಸಿ.

ತುಟಿ ಸೇರಿಸಿ ಊದಿ ಅಂತ ಹೇಳಿಕೊಟ್ಟರು. ಅದರಿಂದ ಏನು ಪ್ರಯೋಜನ? ಸರಿಯಾಗಿ ಮಾಡೋದು ಹೇಗೆ?

ನನ್ನನ್ನು ಕೇಳಿದರೆ ಈ ಪುಟದಲ್ಲಿ ಒಂದನ್ನೇ ಕಲಿಯಬೇಕು ಅಂದರೆ ಇದನ್ನೇ ಕಲಿಯಿರಿ. ದುಡ್ಡಿಲ್ಲ, ಮಷಿನ್ ಇಲ್ಲ, ಎಲ್ಲಿ ಬೇಕಾದರೂ ಮಾಡಬಹುದು.

ಬಾಯಿ ಮುಚ್ಚಿ ಮೂಗಿನಿಂದ ಆರಾಮವಾಗಿ ಉಸಿರು ಎಳೆದುಕೊಳ್ಳಿ. ಮನಸ್ಸಿನಲ್ಲಿ ಒಂದು, ಎರಡು ಅಂತ ಎಣಿಸಿ. ತುಂಬಾ ಎಳೆಯಬೇಡಿ, ಮಾಮೂಲಿ ಉಸಿರು ಸಾಕು. ಆಮೇಲೆ ಬಿಸಿ ಕಾಫಿ ಆರಿಸುವಾಗ ಮಾಡುವ ಹಾಗೆ ತುಟಿ ಸೇರಿಸಿ, ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ನಿಧಾನವಾಗಿ ಬಿಡಿ. ಕೆನ್ನೆ ಉಬ್ಬಿಸುವುದು ಬೇಡ. ಭುಜ ಸಡಿಲ ಇರಲಿ.

ತುಟಿ ಹತ್ತಿರ ಸಣ್ಣ ತಡೆ ಇದ್ದಾಗ ನಾಳಗಳೊಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ. ಅದರಿಂದ ಅವು ಬೇಗ ಮುಚ್ಚಿಕೊಳ್ಳುವುದಿಲ್ಲ. ಉಸಿರಿನ ವೇಗ ಇಳಿಯುತ್ತದೆ, ಬಿಡಲು ಸಮಯ ಸಿಗುತ್ತದೆ, ಸಿಕ್ಕಿಕೊಂಡ ಗಾಳಿ ಕಡಿಮೆಯಾಗುತ್ತದೆ. ಎಷ್ಟೋ ಜನ ಯಾರೂ ಹೇಳಿಕೊಡದೆ ತಾವಾಗಿಯೇ ಇದನ್ನು ಕಂಡುಕೊಂಡಿರುತ್ತಾರೆ.

ಎಲ್ಲರೂ ಮಾಡುವ ಒಂದು ತಪ್ಪು ಇದೆ. ಬಲೂನ್ ಊದುವ ಹಾಗೆ ಶಕ್ತಿ ಹಾಕಿ ಊದುತ್ತಾರೆ. ಬಲವಾಗಿ ಊದಿದಷ್ಟೂ ನಾಳಗಳು ಮುಚ್ಚಿಕೊಳ್ಳುತ್ತವೆ. ಮುಖದ ಮುಂದೆ ದೀಪ ಇಟ್ಟರೆ ಅದು ಅಲುಗಾಡಬೇಕು, ಆರಬಾರದು. ದಮ್ಮು ಬಂದಾಗ ಕಲಿಯಲು ಹೋಗಬೇಡಿ. ಆರಾಮ ಇರುವಾಗ ದಿನಾ ಅಭ್ಯಾಸ ಮಾಡಿಟ್ಟುಕೊಂಡರೆ ಬೇಕಾದಾಗ ತಾನಾಗಿ ಬರುತ್ತದೆ.

ಮೆಟ್ಟಿಲು ಹತ್ತೋದು ಹೇಗೆ?

ಮೊದಲ ಮೆಟ್ಟಿಲ ಮುಂದೆ ನಿಂತುಕೊಳ್ಳಿ. ಕಂಬಿ ಹಿಡಿಯಿರಿ. ನಿಂತಲ್ಲೇ ಉಸಿರು ಎಳೆದುಕೊಳ್ಳಿ. ತುಟಿ ಸೇರಿಸಿ ಬಿಡಲು ಶುರು ಮಾಡಿ, ಬಿಡುತ್ತಾ ಎರಡು ಮೆಟ್ಟಿಲು ಹತ್ತಿ. ನಿಲ್ಲಿ. ಮತ್ತೆ ಎಳೆದುಕೊಳ್ಳಿ, ಬಿಡುತ್ತಾ ಇನ್ನೆರಡು. ಒಂದೇ ಮೆಟ್ಟಿಲು ಆದರೂ ಪರವಾಗಿಲ್ಲ. ಒಂದೇ ಉಸಿರಿಗೆ ಮೇಲೆ ಹೋಗಿಬಿಡೋಣ ಅಂತ ಉಸಿರು ಬಿಗಿಹಿಡಿದು ಓಡುವವರೇ ಜಾಸ್ತಿ. ಮೇಲೆ ತಲುಪಿದ ಮೇಲೆ ಹತ್ತು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ನಿಂತು ನಿಂತು ಹತ್ತಿದವರು ಅಷ್ಟರೊಳಗೆ ಮನೆ ಸೇರಿರುತ್ತಾರೆ.

ಬೇರೆ ಕೆಲಸಕ್ಕೂ ಇದೇ ಸೂತ್ರ. ಕೊಡ ಎತ್ತುವಾಗ, ಕುರ್ಚಿಯಿಂದ ಏಳುವಾಗ, ಬೀರು ತಳ್ಳುವಾಗ, ಕಷ್ಟದ ಹೊತ್ತಿನಲ್ಲಿ ಉಸಿರು ಬಿಡಬೇಕು.

ಸ್ನಾನ ಮಾಡಿದರೆ ನಡೆದದ್ದಕ್ಕಿಂತ ಜಾಸ್ತಿ ಸುಸ್ತಾಗುತ್ತೆ. ಇದೇನು ವಿಚಿತ್ರ?

ವಿಚಿತ್ರ ಏನಿಲ್ಲ. ಚೊಂಬು ತಲೆಯ ಮೇಲೆ ಎತ್ತಿ ನೀರು ಹಾಕಿಕೊಳ್ಳುವುದನ್ನು ನಿಧಾನವಾಗಿ ಗಮನಿಸಿ. ಕೈ ಮೇಲೆತ್ತಿದ ತಕ್ಷಣ ಕತ್ತು, ಭುಜ, ಎದೆಯ ಸ್ನಾಯುಗಳು ಕೈಯನ್ನು ಹಿಡಿದುಕೊಳ್ಳುವ ಕೆಲಸಕ್ಕೆ ಹೋಗುತ್ತವೆ. ನಿಮಗೆ ಉಸಿರಾಡಲು ನೆರವಾಗುತ್ತಿದ್ದವೂ ಅವೇ. ಮುಖದ ಮೇಲೆ ನೀರು ಬೀಳುವಾಗ ಉಸಿರು ಬಿಗಿಹಿಡಿಯುತ್ತೀರಿ. ಕಾಲು ಉಜ್ಜಲು ಪೂರ್ತಿ ಬಗ್ಗಿದರೆ ಹೊಟ್ಟೆ ಜೋರಾಗಿ ಒತ್ತಿ ವಪೆಯನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಜೊತೆಗೆ ಬಾಗಿಲು ಮುಚ್ಚಿದ ಬಚ್ಚಲಿನ ಹಬೆ.

ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ಚಿಕ್ಕ ಮಗ್ ಬಳಸಿ, ಮೊಣಕೈ ತೊಡೆಯ ಮೇಲಿರಲಿ. ತಲೆಗೆ ನೀರು ಬೇರೆಯವರು ಹಾಕಲಿ, ಅಥವಾ ತಲೆಯನ್ನೇ ಮುಂದಕ್ಕೆ ಬಾಗಿಸಿ. ಮೈ ಉಜ್ಜಿ ಉಜ್ಜಿ ಒರೆಸುವ ಬದಲು ದೊಡ್ಡ ಟವಲ್ ಸುತ್ತಿಕೊಂಡು ಐದು ನಿಮಿಷ ಕೂತರೆ ಅದೇ ನೀರು ಹೀರುತ್ತದೆ. ಬಾಗಿಲಿಗೆ ಚಿಲಕ ಹಾಕಬೇಡಿ.

ತಲೆ ಬಾಚುವುದು, ಎತ್ತರದ ತಂತಿಗೆ ಬಟ್ಟೆ ಹರವುವುದು, ಬಾವಿಯಿಂದ ನೀರು ಸೇದುವುದು ಎಲ್ಲಕ್ಕೂ ಕಾರಣ ಇದೇ. ತಂತಿಯನ್ನು ಎದೆಯ ಮಟ್ಟಕ್ಕೆ ಇಳಿಸಿ. ಕಸ ಗುಡಿಸಲು ಉದ್ದ ಹಿಡಿಯ ಪೊರಕೆ ತನ್ನಿ. ಕೈ ಊರಿಕೊಂಡರೆ ಇದೇ ಸ್ನಾಯುಗಳು ನಿಮ್ಮ ಕಡೆಗೆ ತಿರುಗುತ್ತವೆ. ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳುವಾಗ ಆರಾಮವಾಗಿ ನಡೆಯುವವರು ರಸ್ತೆಯಲ್ಲಿ ನಡೆಯಲಾರರು, ಅಲ್ವಾ? ಅಂಥವರಿಗೆ ಚಕ್ರ ಇರುವ ವಾಕರ್ ತುಂಬಾ ನೆರವಾಗುತ್ತದೆ. ನಾಚಿಕೆ ಬೇಡ.

ದಮ್ಮು ಇರುವವರು ಸುಮ್ನೆ ರೆಸ್ಟ್ ಮಾಡಬೇಕು ಅಂತಾರೆ ಮನೆಯಲ್ಲಿ. ಸರಿನಾ?

ಪ್ರೀತಿಯಿಂದ ಹೇಳುತ್ತಾರೆ. ಆದರೆ ಇದರಿಂದ ಆಗುವ ನಷ್ಟ ದೊಡ್ಡದು.

ದಮ್ಮು ಅಂತ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸ್ವಲ್ಪ ಕೆಲಸಕ್ಕೇ ಲ್ಯಾಕ್ಟಿಕ್ ಆಮ್ಲ ಉಂಟುಮಾಡುತ್ತದೆ. ಆ ಆಮ್ಲವನ್ನು ಸರಿದೂಗಿಸಲು ದೇಹ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಹಾಕಬೇಕು, ಅದಕ್ಕೆ ಇನ್ನೂ ಜೋರಾಗಿ ಉಸಿರಾಡಬೇಕು. ಉಸಿರು ಜೋರಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ, ದಮ್ಮು ಏರುತ್ತದೆ, ಇನ್ನಷ್ಟು ಕೂರುತ್ತಾರೆ. ಕಾಲಿಗೆ ಬಲ ಬಂದರೆ ಇದೆಲ್ಲ ಹಿಂದಕ್ಕೆ ತಿರುಗುತ್ತದೆ. ಅಷ್ಟೇ ದೂರ ನಡೆಯಲು ಕಡಿಮೆ ಉಸಿರು ಸಾಕಾಗುತ್ತದೆ.

ಒಂದು ಕಾಲಕ್ಕೆ ಡಾಕ್ಟರುಗಳೂ ರೆಸ್ಟ್ ಅನ್ನುತ್ತಿದ್ದರು. 1950ರ ದಶಕದಲ್ಲಿ ನ್ಯೂಯಾರ್ಕಿನ ಡಾಕ್ಟರ್ ಆಲ್ವನ್ ಬರಾಕ್ ಇಂಥ ರೋಗಿಗಳನ್ನು ಆಕ್ಸಿಜನ್ ಕೊಟ್ಟು ನಡೆಸಿ ನೋಡಿದರು, ನಡೆದವರು ಸುಧಾರಿಸಿದರು. 1960ರ ದಶಕದಲ್ಲಿ ಡೆನ್ವರ್‌ನ ಥಾಮಸ್ ಪೆಟ್ಟಿ, ಹೊತ್ತು ಒಯ್ಯಬಹುದಾದ ಆಕ್ಸಿಜನ್ ಜೊತೆಗೆ ವ್ಯಾಯಾಮದ ಕಾರ್ಯಕ್ರಮವನ್ನೇ ಕಟ್ಟಿದರು. ಇವತ್ತು ಪಲ್ಮನರಿ ರಿಹ್ಯಾಬ್ ಅನ್ನುವುದು ಅದನ್ನೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ರಿಹ್ಯಾಬ್ ಮಾಡಿದ ಮೇಲೂ ಊದುವ ಟೆಸ್ಟಿನ ನಂಬರ್ ಬದಲಾಗುವುದಿಲ್ಲ. ಬದಲಾಗುವುದು ನೀವು ನಡೆಯುವ ದೂರ, ದಮ್ಮಿನ ಕಾಟ, ದಿನದ ಬದುಕು. ನನಗೆ ಅದು ನಂಬರಿಗಿಂತ ದೊಡ್ಡದು.

ಹಾಗಾದರೆ ಎಷ್ಟು ನಡೆಯಬೇಕು?

ದಮ್ಮಿಗೆ ನೀವೇ ಅಂಕ ಕೊಡಿ. 0 ಅಂದರೆ ಏನೂ ಇಲ್ಲ, 10 ಅಂದರೆ ತಡೆಯಲಾರದಷ್ಟು. ಮನೆಯಲ್ಲಿ ಒಬ್ಬರೇ ಮಾಡುವಾಗ 3 ಅಥವಾ 4ರಷ್ಟು ದಮ್ಮು ಬರುವ ವೇಗ ಸರಿ. ಚಿಕ್ಕ ಚಿಕ್ಕ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ದಮ್ಮೇ ಬರದಂತೆ ನಡೆದರೆ ಕಾಲಿಗೆ ಏನೂ ಸಿಗುವುದಿಲ್ಲ.

ಒಂದೇ ಸಮನೆ ಆಗದಿದ್ದರೆ ಒಂದು ನಿಮಿಷ ನಡೆದು ಒಂದು ನಿಮಿಷ ನಿಲ್ಲಿ. ನಿಂತಾಗ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ, ಕಾಲಿಗೆ ಮಾತ್ರ ಪೂರ್ತಿ ಕೆಲಸ ಸಿಗುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೂ ತೊಡೆಗೆ ಒಳ್ಳೆಯ ವ್ಯಾಯಾಮ. ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ಬೇಡ.

ಶುರು ಮಾಡುವ ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ಹೋಗುತ್ತೀರಿ ಅಂತ ನೋಡುತ್ತಾರೆ. ನಡುವೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಆರೆಂಟು ವಾರದ ನಂತರ ಮತ್ತೆ ಮಾಡಿದಾಗ 30 ಮೀಟರ್ ಜಾಸ್ತಿಯಾಗಿದ್ದರೂ ಅದು ನಿಜವಾದ ಸುಧಾರಣೆ. ಬಿಟ್ಟುಬಿಟ್ಟರೆ ಸಿಕ್ಕಿದ್ದು ತಿಂಗಳುಗಳಲ್ಲೇ ಕರಗುತ್ತಾ ಹೋಗುತ್ತದೆ.

ಪ್ರಾಣಾಯಾಮ, ಹೊಟ್ಟೆ ಉಸಿರಾಟ, ಮೂರು ಚೆಂಡಿನ ಮಷಿನ್, ಇವುಗಳಲ್ಲಿ ಯಾವುದು ಒಳ್ಳೆಯದು?

ಎಲ್ಲದಕ್ಕೂ ಒಂದೇ ಪ್ರಶ್ನೆ ಹಾಕಿ: ಇದರಿಂದ ಉಸಿರು ಬಿಡಲು ಸಮಯ ಜಾಸ್ತಿ ಸಿಗುತ್ತದೋ, ಕಡಿಮೆಯಾಗುತ್ತದೋ?

ಭ್ರಾಮರಿ, ಓಂಕಾರ, ಭಜನೆ ಹಾಡುವುದು ಇವೆಲ್ಲ ಉಸಿರನ್ನು ಉದ್ದಕ್ಕೆ, ಮೆಲ್ಲಗೆ ಬಿಡಿಸುತ್ತವೆ. ಆರಾಮವಾಗಿ ಮಾಡಿ. ಕಪಾಲಭಾತಿ, ಭಸ್ತ್ರಿಕಾ ಬೇಡ. ಅವು ವೇಗವಾದ, ಬಲವಂತದ ಉಸಿರು. ಕಿರಿದಾದ ನಾಳಗಳಿಗೆ ಬೇಡದ್ದೂ ಅದೇ. ಉಸಿರು ಕಟ್ಟಿ ಹಿಡಿಯುವ ಕುಂಭಕವೂ ಬೇಡ.

ಹೊಟ್ಟೆ ಉಬ್ಬಿಸಿ ಉಸಿರಾಡಿ ಅಂತ ಎಲ್ಲರಿಗೂ ಹೇಳುವ ರೂಢಿ ಇದೆ. ಎದೆ ಆಗಲೇ ತುಂಬಾ ಉಬ್ಬಿ ವಪೆ ಚಪ್ಪಟೆಯಾದವರಿಗೆ ಇದು ಒಗ್ಗುವುದಿಲ್ಲ. ಇಂಥವರಲ್ಲಿ ಶ್ರಮವೂ ದಮ್ಮೂ ಜಾಸ್ತಿಯಾದದ್ದನ್ನು ಅಧ್ಯಯನಗಳು ತೋರಿಸಿವೆ. ಮಾಡಿದಾಗ ಕಷ್ಟ ಅನ್ನಿಸಿದರೆ ಬಿಟ್ಟುಬಿಡಿ.

ಮೂರು ಚೆಂಡಿನ ಮಷಿನ್ ಆಪರೇಶನ್ ಆದವರು ಆಳವಾಗಿ ಉಸಿರೆಳೆಯಲಿ ಅಂತ ಕೊಡುವಂಥದ್ದು. ಕೋವಿಡ್ ನಂತರ ಮನೆಮನೆಗೂ ಬಂತು. ನಿಮ್ಮ ತೊಂದರೆ ಎಳೆಯುವುದರಲ್ಲಿ ಶುರುವಾಗಿಲ್ಲ. ಚೆಂಡು ಮೇಲೆ ಏರಿಸುವ ಹೊತ್ತಿನಲ್ಲಿ ಹತ್ತು ನಿಮಿಷ ನಡೆದರೆ ಲಾಭ ಜಾಸ್ತಿ.

ಪಂಪು ನಡೆಯುವ ಮೊದಲು ತಗೋಬೇಕಾ?

ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ತಪ್ಪಿಸಬೇಡಿ. ಅದು ನಾಳ ಸಡಿಲಿಸಿ ಗಾಳಿ ಹೊರಗೆ ಹೋಗಲು ದಾರಿ ಮಾಡುತ್ತದೆ, ಹೊಸ ಉಸಿರಿಗೆ ಜಾಗ ಆಗುತ್ತದೆ. ಊದುವ ಟೆಸ್ಟಿನಲ್ಲಿ ಅಷ್ಟೇನೂ ಬದಲಾವಣೆ ಕಾಣದಿದ್ದರೂ ನಡಿಗೆ ಹಗುರಾಗುವುದು ಇದರಿಂದಲೇ. ಸಾಲ್ಬುಟಮಾಲ್‌ನಂಥ ತಕ್ಷಣದ ಪಂಪು ಇದ್ದರೆ, ವ್ಯಾಯಾಮಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲು ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಪಂಪು ಹೊಡೆಯುವ ರೀತಿಯನ್ನು ಅವರ ಮುಂದೆ ಒಮ್ಮೆ ಮಾಡಿ ತೋರಿಸಿ.

ಬೆರಳಿನ ಮಷಿನ್ 94 ತೋರಿಸುತ್ತೆ, ಆದರೂ ದಮ್ಮು. ಮಷಿನ್ ಸುಳ್ಳಾ?

ಸುಳ್ಳಲ್ಲ. ಅದು ರಕ್ತದ ಆಕ್ಸಿಜನ್ ಹೇಳುತ್ತದೆ, ಎದೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನಲ್ಲ. 94 ಇದ್ದೂ ದಮ್ಮು ಜೋರಾಗಿರಬಹುದು. ದಮ್ಮು ಅಷ್ಟಾಗಿ ಇಲ್ಲದೆಯೂ ನಡೆಯುವಾಗ 85ಕ್ಕೆ ಇಳಿಯಬಹುದು. ಅದಕ್ಕೇ ನಡೆಯುವಾಗಲೂ ನೋಡಬೇಕು. 88ಕ್ಕಿಂತ ಕೆಳಗೆ ಹೋದರೆ ನಿಂತು ಸುಧಾರಿಸಿಕೊಳ್ಳಿ, ಡಾಕ್ಟರಿಗೆ ತಿಳಿಸಿ.

ಕೂತಾಗಲೇ ಆಕ್ಸಿಜನ್ ತೀರಾ ಕಡಿಮೆ ಇರುವವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ. ಸ್ವಲ್ಪವೇ ಕಡಿಮೆ ಇರುವವರಿಗೆ ಅಂಥ ಲಾಭ 2016ರ ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಕಾಣಲಿಲ್ಲ. ಸಾಲ ಮಾಡಿ ಕಾನ್ಸಂಟ್ರೇಟರ್ (ಮನೆಯಲ್ಲೇ ಆಕ್ಸಿಜನ್ ಕೊಡುವ ಮಷಿನ್) ಕೊಳ್ಳುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಿ. ಆಕ್ಸಿಜನ್ ಇದ್ದರೆ ನೀವಾಗಿಯೇ ಹೆಚ್ಚಿಸಬೇಡಿ. ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ.

ನಮ್ಮ ತಂದೆಗೆ ಸಿಒಪಿಡಿ ಅಲ್ಲ, ಫೈಬ್ರೋಸಿಸ್. ಇದೇ ಕ್ರಮನಾ?

ಪೂರ್ತಿ ಅಲ್ಲ. ಫೈಬ್ರೋಸಿಸ್‌ನಲ್ಲಿ ಶ್ವಾಸಕೋಶ ಗಟ್ಟಿಯಾಗಿರುತ್ತದೆ. ಬಿಡುವುದು ಸುಲಭ, ಹಿಗ್ಗಿಸುವುದೇ ಕಷ್ಟ. ಹಾಗಾಗಿ ಚಿಕ್ಕ ಚಿಕ್ಕ, ಬೇಗ ಬೇಗ ಉಸಿರಾಡುತ್ತಾರೆ. ತುಟಿ ಸೇರಿಸಿ ಊದುವುದರಿಂದ ಅಷ್ಟು ಲಾಭ ಇಲ್ಲ. ನಡೆಯುವಾಗ ಆಕ್ಸಿಜನ್ ಬೇಗ ಇಳಿಯುವುದರಿಂದ ಬೆರಳಿನ ಮಷಿನ್ ಕೈಯಲ್ಲೇ ಇರಬೇಕು. ಆದರೆ ವ್ಯಾಯಾಮದಿಂದ ಇವರಿಗೂ ಒಳ್ಳೆಯದಾಗುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ, ಕಲ್ಲು ಕ್ವಾರಿಗಳಲ್ಲಿ ದುಡಿದವರಿಗೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ನಲ್ಲಿ ಎರಡೂ ಬಗೆಯ ತೊಂದರೆ ಸೇರಿರಬಹುದು. ಪರೀಕ್ಷೆ ಮಾಡಿಸಿಯೇ ಶುರು ಮಾಡಬೇಕು.

ದಾರಿಯಲ್ಲಿ ದಮ್ಮು ಜೋರಾದರೆ ಏನು ಮಾಡಲಿ?

ನಿಲ್ಲಿ. ಗೋಡೆ, ಕಟ್ಟೆ, ಸ್ಕೂಟರಿನ ಸೀಟು, ಸಿಕ್ಕಿದ್ದರ ಮೇಲೆ ಎರಡೂ ಕೈ ಊರಿ ಸ್ವಲ್ಪ ಮುಂದಕ್ಕೆ ಬಾಗಿ. ಕೂರಲು ಜಾಗ ಇದ್ದರೆ ಮೊಣಕೈ ತೊಡೆಯ ಮೇಲಿಟ್ಟು ಕೂರಿ. ಹೀಗೆ ಬಾಗಿದಾಗ ಹೊಟ್ಟೆಯ ಒತ್ತಡಕ್ಕೆ ವಪೆ ಸ್ವಲ್ಪ ಮೇಲೆ ಸರಿದು ಎಳೆಯಲು ಬಲ ಸಿಗುತ್ತದೆ, ಊರಿದ ಕೈಯಿಂದ ಎದೆಯ ಸ್ನಾಯುಗಳೂ ಜೊತೆಯಾಗುತ್ತವೆ. ಮೊದಲು ಬಿಡುವುದರ ಕಡೆ ಗಮನ ಕೊಡಿ. ಎಳೆಯುವುದು ತಾನಾಗಿ ಆಗುತ್ತದೆ. ಕೆನ್ನೆ, ಮೂಗಿನ ಮೇಲೆ ತಣ್ಣನೆ ಗಾಳಿ ಬಿದ್ದರೂ ದಮ್ಮು ಕಡಿಮೆ ಅನ್ನಿಸುತ್ತದೆ, ಇದನ್ನು ಅಧ್ಯಯನ ಮಾಡಿಯೇ ಕಂಡಿದ್ದಾರೆ. ಚೀಲದಲ್ಲಿ ಚಿಕ್ಕ ಬ್ಯಾಟರಿ ಫ್ಯಾನ್ ಇರಲಿ, ಬೀಸಣಿಗೆಯಾದರೂ ಸರಿ. ಜೊತೆಯಲ್ಲಿರುವವರು ಸುತ್ತ ಗುಂಪುಗೂಡಬೇಡಿ, ಮಲಗಿಸಬೇಡಿ, ಮಾತಾಡಿಸಬೇಡಿ.

ಹೀಗೆ ಮಾಡಿ, ತಕ್ಷಣದ ಪಂಪು ತೆಗೆದುಕೊಂಡ ಮೇಲೂ ದಮ್ಮು ಇಳಿಯದಿದ್ದರೆ, ಎದೆ ನೋವು ಬಂದರೆ, ತುಟಿ ಉಗುರು ನೀಲಿಯಾದರೆ, ಮಂಪರು ಬಂದು ಮಾತು ತಡವರಿಸಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಸೇರಿಸಿಕೊಂಡರೆ, ಮನೆಗೆ ಬಿಡುವ ದಿನವೇ ರಿಹ್ಯಾಬ್ ಯಾವಾಗ ಶುರು ಮಾಡೋಣ ಅಂತ ಕೇಳಿ. ಡಿಸ್ಚಾರ್ಜ್ ಆಗಿ ನಾಲ್ಕು ವಾರದೊಳಗೆ ಶುರು ಮಾಡಿದರೆ ಮತ್ತೆ ಅಡ್ಮಿಟ್ ಆಗುವ ಸಂಭವ ಕಡಿಮೆಯಾಗುತ್ತದೆ.